ನಿಧಾನ

ಭಾನುವಾರ ಮಧ್ಯಾಹ್ನ ಊಟ ಮುಗಿಸಿ, ಎಷ್ಟೋ ದಿನದಿಂದ ನೋಡಬೇಕು ಅಂದುಕೊಂಡಿದ್ದ ಸಿಂಹಳ ಸಿನಿಮಾ ಹಾಕಿ ಕೂತೆ. ಲೆಸ್ಟರ್ ಜೇಮ್ಸ್ ಪೆರಿಸ್ ಅವರ 1972ರ ‘ನಿಧಾನಯ’. ಅಡಿಕೆ ಅಗಿಯುತ್ತಾ ಬಂದ ಭಾವ ಐದು ನಿಮಿಷ ನಿಂತು ನೋಡಿದರು.

“ಏನಯ್ಯಾ ಇದರ ಹೆಸರು?”

ಹೇಳಿದೆ.

“ಪಾಪ, ಹೆಸರಲ್ಲೇ ಹೇಳಿಬಿಟ್ಟಿದ್ದಾರೆ!”

ಸಿಂಹಳದಲ್ಲಿ ನಿಧಾನ ಅಂದರೆ ನಿಧಿ. ಅಕ್ಕಮಹಾದೇವಿ ಹೇಳುವ ‘ನೆಲದ ಮರೆಯ ನಿಧಾನ’ವೂ ಇದೇ. ನಾವು ಯಾವಾಗಲೋ ನಿಧಿಯನ್ನು ಕಳೆದುಕೊಂಡು ಬರೀ ತಡ ಆಗುವುದನ್ನು ಉಳಿಸಿಕೊಂಡೆವು. ಇದನ್ನೆಲ್ಲ ವಿವರಿಸಿದೆ. ಭಾವ ಆಕಳಿಸಿದರು. “ಆ ಒಂದೂವರೆ ಸ್ಪೀಡಿಗೆ ಹಾಕೋ, ಬೇಗ ಮುಗಿಯುತ್ತೆ” ಅಂದರು. ಸಿನಿಮಾವನ್ನು ಒಂದೂವರೆ ಸ್ಪೀಡಲ್ಲಿ ನೋಡುವವರ ಮನೆಯಲ್ಲಿ ಪಾಯಸವನ್ನೂ ಸ್ಟ್ರಾ ಹಾಕಿ ಎಳೀತಾರೇನೋ. ಭಾವ ಅಂತ ಸುಮ್ನಿದ್ದೆ.

ಇದೇ ಪೆರಿಸ್ 1956ರಲ್ಲಿ ‘ರೇಖಾವ’ಕ್ಕಾಗಿ ಕ್ಯಾಮೆರಾವನ್ನು ಸ್ಟುಡಿಯೋದಿಂದ ಹೊರಗೆ, ಹಳ್ಳಿಯ ಬಿಸಿಲಿಗೆ ತಂದವರು. ಅದಕ್ಕೂ ಮೊದಲು ಎಷ್ಟೋ ಸಿಂಹಳ ಚಿತ್ರಗಳು ತಯಾರಾಗುತ್ತಿದ್ದದ್ದು ನಮ್ಮ ದಕ್ಷಿಣ ಭಾರತದ ಸ್ಟುಡಿಯೋಗಳಲ್ಲಿ. 1947ರ ಮೊದಲ ಸಿಂಹಳ ಟಾಕಿಯಂತೂ ಮಧುರೈಯದು. ಮಾರ್ಟಿನ್ ವಿಕ್ರಮಸಿಂಘೆ ಅವರ ‘ಗಂಪೆರಳಿಯ’ ಕಾದಂಬರಿಯನ್ನೂ ಪೆರಿಸ್ ಸಿನಿಮಾ ಮಾಡಿದರು. ಅದರಲ್ಲಿ ಬರುವ ಮನೆ ‘ಮಹಗೆದರ’, ಅಂದರೆ ದೊಡ್ಮನೆ. ಆ ದೊಡ್ಮನೆ ಧಡಾರ್ ಅಂತ ಬೀಳುವುದಿಲ್ಲ. ಗೆದ್ದಲು ಹಿಡಿದ ತೊಲೆಯ ಹಾಗೆ ಒಳಗೊಳಗೇ ಹೋಗುತ್ತದೆ. ಅದನ್ನು ಒಂದೂವರೆ ಸ್ಪೀಡಲ್ಲಿ ತೋರಿಸಿ ನೋಡೋಣ!

ಇಷ್ಟರಲ್ಲಿ ಅಕ್ಕನ ಮಗಳು ಹೋಂವರ್ಕ್ ಹಿಡಿದು ಬಂದಳು. ಒಂಟೆಯ ಚಿತ್ರ ಬರೆದು ಐದು ವಾಕ್ಯ ಬರೆಯಬೇಕಂತೆ. ಭಾವ ಮಲಗಿದಲ್ಲಿಂದಲೇ ಹೇಳಿದರು: “ಒಂಟೆ ತನ್ನ ಡುಬ್ಬದಲ್ಲಿ ನೀರು ತುಂಬಿಕೊಂಡಿರುತ್ತದೆ. ಬರ್ಕೊ.”

ಸಿನಿಮಾ ನಿಲ್ಲಿಸಿದೆ. ಕೆಲವು ವಿಷಯಗಳನ್ನು ಸಹಿಸಿಕೊಳ್ಳಲಿಕ್ಕೆ ಆಗೋದಿಲ್ಲ.

“ಭಾವ, ಡುಬ್ಬದಲ್ಲಿರೋದು ಕೊಬ್ಬು. ನೀರಲ್ಲ.”

“ಹಂಗಾದ್ರೆ ನೀರೆಲ್ಲಿ ಇಟ್ಕೊಳ್ಳುತ್ತೆ?”

ಎಲ್ಲೂ ಬಚ್ಚಿಡೋದಿಲ್ಲ, ಇರೋದನ್ನ ಪೋಲು ಮಾಡೋದಿಲ್ಲ ಅಂದೆ. ಬೆಳಗಿನ ಜಾವ ಅದರ ಮೈ 34 ಡಿಗ್ರಿಗೆ ತಣ್ಣಗಾಗಿರುತ್ತೆ. ಮಧ್ಯಾಹ್ನ 40 ದಾಟುವವರೆಗೂ ಹಾಗೇ ಕಾಯಲು ಬಿಡುತ್ತೆ, ಬೆವರೋದಿಲ್ಲ. ನಮಗೆ ಅಷ್ಟು ಕಾದರೆ ಆಸ್ಪತ್ರೆಯಲ್ಲಿ ಹಣೆ ಮೇಲೆ ಒದ್ದೆ ಬಟ್ಟೆ ಹಾಕಿರುತ್ತಾರೆ. ಮೈತೂಕದ ಕಾಲು ಭಾಗದಷ್ಟು ನೀರು ಹೋದರೂ ಬದುಕಿರುತ್ತೆ. ಆಮೇಲೆ ನೀರು ಸಿಕ್ಕಿತೋ, ಕಾಲು ಗಂಟೆಯೊಳಗೆ ನೂರು ಲೀಟರ್ ಇಳಿಸಿಬಿಡುತ್ತೆ. ಬೇರೆ ಪ್ರಾಣಿಯಾಗಿದ್ದರೆ ರಕ್ತಕಣ ಒಡೆದೇ ಹೋಗುತ್ತಿದ್ದವು. ಒಂಟೆಯ ಕೆಂಪು ರಕ್ತಕಣ ನಮ್ಮ ಹಾಗೆ ದುಂಡಗಿಲ್ಲ, ಮೊಟ್ಟೆಯಾಕಾರ. ಉಬ್ಬುತ್ತವೆ, ಒಡೆಯೋದಿಲ್ಲ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ನನಗೆ ಒಂಟೆಯ ಜೊತೆ ಹಳೇ ಲೆಕ್ಕ ಇದೆ. ಒಂದು ಬೀಚಿನಲ್ಲಿ ದುಡ್ಡು ಕೊಟ್ಟು ಹತ್ತಿದ್ದೆ. ಒಂಟೆ ಏಳುವಾಗ ಮೊದಲು ಎತ್ತುವುದು ಹಿಂಗಾಲು ಅಂತ ಯಾರೂ ಹೇಳಿರಲಿಲ್ಲ. ಅದರ ಕತ್ತಿನ ಮೇಲೆ ಮುಖ ಹೊಡೆದು ಕನ್ನಡಕ ಮರಳಿಗೆ ಬಿತ್ತು. ಹುಡುಕಿ ಕೊಡಲು ಹುಡುಗ ಬೇರೆ ದುಡ್ಡು ಕೇಳಿದ. ಒಂಟೆ ಒಂದು ಕಡೆಯ ಎರಡು ಕಾಲನ್ನೂ ಒಟ್ಟಿಗೆ ಎತ್ತಿಡುತ್ತೆ, ಹಾಗಾಗಿ ಕೂತವನಿಗೆ ದೋಣಿಯಲ್ಲಿದ್ದ ಹಾಗೆ. ಉದ್ದಕ್ಕೂ ಅದು ದವಡೆ ಅಡ್ಡಡ್ಡ ಆಡಿಸುತ್ತಾ ಮೆಲುಕು ಹಾಕುತ್ತಿತ್ತು. ಥೇಟ್ ಅಡಿಕೆ ಹಾಕಿಕೊಂಡ ಭಾವ. ಇದನ್ನು ಮಾತ್ರ ಬಾಯಿಬಿಟ್ಟು ಹೇಳಲಿಲ್ಲ.

“ಮಾವ, ನಿನ್ನ ಸಿನಿಮಾ ಭಾಷೇಲಿ ಒಂಟೆಗೆ ಏನಂತಾರೆ?”

“ಒಟುವಾ.”

ಅವಳಿಗೆ ಅದೊಂದೇ ಇಷ್ಟವಾಯಿತು. ಚಿತ್ರದ ಕೆಳಗೆ ದೊಡ್ಡದಾಗಿ ‘ಒಟುವಾ’ ಅಂತ ಬರೆದಳು. ಅದರ ಕೆಳಗೆ, ಡುಬ್ಬದಲ್ಲಿ ನೀರು ಇರುತ್ತದೆ.

“ಕೊಬ್ಬು ಅಂತ ಹೇಳಿದ್ನಲ್ಲೇ!”

“ಮಿಸ್ಸು ನೀರು ಅಂತಾನೇ ಬರೆಸಿರೋದು. ಮಾರ್ಕ್ಸ್ ಕಟ್ ಮಾಡ್ತಾರೆ.”

ಮತ್ತೆ ಸಿನಿಮಾ ಹಾಕಿದೆ. ನಿಧಿಗೆ ಬಲಿ ಕೊಡಲು, ಕತ್ತಿನ ಹಿಂದೆ ನಾಲ್ಕು ಮಚ್ಚೆ ಇರುವ ಹೆಣ್ಣನ್ನು ಹುಡುಕುತ್ತಿದ್ದ ಮನುಷ್ಯ ಪರದೆಯ ಮೇಲೆ ಹಾಗೇ ಕಾಯುತ್ತಿದ್ದ. ಎರಡು ನಿಮಿಷ ಆಗಿರಬೇಕು, ಗೊರಕೆ ನಿಂತಿತು.

“ಏನಾಯ್ತೋ, ನಿಧಿ ಸಿಕ್ತಾ?”

“ಇನ್ನೂ ಮದುವೇನೇ ಆಗಿಲ್ಲ ಭಾವ.”