ಒಂದು ಕಟ್ಟು ಕೊತ್ತಂಬರಿ, ಒಂದು ಗೇಣು ಬಿಲ್ಲು

ಮಂಗಳೂರಿನ ಕಂಕನಾಡಿಯ ಅಂಗಡಿಯೊಂದರಲ್ಲಿ ಒಂದು ಕಟ್ಟು ಕೊತ್ತಂಬರಿ ಸೊಪ್ಪು ತಗೊಂಡೆ. ಬಿಲ್ಲು ಒಂದು ಗೇಣು ಬಂತು. ಬೇಡ ಅಂದೆ. "ಬಾಗಿಲಲ್ಲಿ ಕೇಳ್ತಾರೆ ಸರ್" ಅಂದಳು ಕೌಂಟರಿನ ಹುಡುಗಿ. ಕೇಳಿಯೇ ಕೇಳಿದರು. ನಾಲ್ಕು ಹೆಜ್ಜೆ ಆಚೆ ನಿಂತಿದ್ದ ಸೆಕ್ಯುರಿಟಿಯವರು ಅದಕ್ಕೊಂದು ತೂತು ಹೊಡೆದು ವಾಪಸ್ ಕೊಟ್ಟರು. ಇಷ್ಟಕ್ಕೇ ಆ ಕಾಗದ! ಫೋನಿಗೆ ಕಳಿಸಿ ಅಂದರೆ ನಂಬರ್ ಕೊಡಬೇಕು. ಕೊಟ್ಟರೆ ಯುಗಾದಿಯಿಂದ ಕ್ರಿಸ್ಮಸ್ಸಿನ ತನಕ ಆಫರಿನ ಮೆಸೇಜು. ಬಿಲ್ಲು ಬೇಕಾ ಅಂತ ಮೊದಲೇ ಕೇಳುವ ಮರ್ಯಾದೆ ಎಟಿಎಮ್ಮಿಗಾದರೂ ಉಂಟು.

ನಮ್ಮದು ಬ್ಯಾಂಕುಗಳ ತವರು, ಚೀಟಿಯ ಮೋಹ ಸ್ವಲ್ಪ ಜಾಸ್ತಿಯೇ. 1906ರಲ್ಲಿ ಮಂಗಳೂರಿಗೆ ಕೆನರಾ ಬ್ಯಾಂಕ್ ಬಂತು, ಉಡುಪಿಗೆ ಕಾರ್ಪೊರೇಷನ್ ಬ್ಯಾಂಕ್. ಆಮೇಲೆ ಸಿಂಡಿಕೇಟ್ ಬ್ಯಾಂಕ್ ಅನ್ನಿಸಿಕೊಂಡ ಉಡುಪಿಯ ಸಂಸ್ಥೆ 1928ರಲ್ಲಿ ಪಿಗ್ಮಿ ಶುರು ಮಾಡಿತು. ದಿನಕ್ಕೆ ಎರಡಾಣೆ ಉಳಿಸುವವರ ಮನೆಬಾಗಿಲಿಗೂ ಬ್ಯಾಂಕಿನವರು ಬರುತ್ತಿದ್ದರು.

ನಾನು ಚಿಕ್ಕವನಿದ್ದಾಗ ನಮ್ಮಲ್ಲಿಗೆ ಬರುತ್ತಿದ್ದ ಪಿಗ್ಮಿಯವರು ಜಗಲಿಯಲ್ಲಿ ಕೂತು, ಬೆಲ್ಲ ತಿಂದು ನೀರು ಕುಡಿದು, ಯಾರ ಮಗಳಿಗೆ ಸಂಬಂಧ ಕೂಡಿತು, ಯಾರ ಅಡಿಕೆಗೆ ಕೊಳೆರೋಗ ಬಂತು ಎಲ್ಲ ಹೇಳಿ ಮುಗಿಸಿದ ಮೇಲೆ ಕಾರ್ಡಿನ ಚೌಕದಲ್ಲಿ ಮೊತ್ತ ಬರೆದು ಸಹಿ ಹಾಕುತ್ತಿದ್ದರು. ತಿಂಗಳ ಲೆಕ್ಕವೆಲ್ಲ ಅಂಗೈಯಗಲದ ಒಂದೇ ರಟ್ಟಿನಲ್ಲಿ. ಸಹಿಯ ಬಾಲ ಪಕ್ಕದ ದಿನಕ್ಕೂ ಚಾಚುತ್ತಿತ್ತು.

ಈಗ ಬರುವ ಹುಡುಗನ ಕೈಯಲ್ಲಿ ಮೆಷಿನು. ನೂರು ರೂಪಾಯಿ ಕೊಟ್ಟರೆ ಕಿರ್ರ್ ಅಂತ ಚೀಟಿ, ಮೇಲಿಂದ ಫೋನಿಗೆ ಮೆಸೇಜು. ಬೆಲ್ಲವೂ ಬೇಡ, ಸುದ್ದಿಯೂ ಇಲ್ಲ. ಗೇಟಿನಿಂದಲೇ ವಾಪಸ್. ಅಮ್ಮ ಚೀಟಿಗಳನ್ನೆಲ್ಲ ತಂತಿಗೆ ಚುಚ್ಚಿಡುತ್ತಾರೆ. ಸ್ವಲ್ಪ ದಿನಕ್ಕೆ ಅಕ್ಷರ ಮಾಯ.

"ಅದರಲ್ಲಿ ಶಾಯಿಯೇ ಇಲ್ಲಮ್ಮ. ಕಾಗದಕ್ಕೆ ಬಳಿದ ರಾಸಾಯನಿಕ ಬಿಸಿಗೆ ಕಪ್ಪಾಗುವುದು. ಬಿಸಿಲು, ಎಣ್ಣೆ ಕೈ ತಾಗಿದರೆ ಮಾಸುತ್ತದೆ. ಹಳೇ ಪೇಪರಿನ ಜೊತೆ ರದ್ದಿಗೂ ಹಾಕುವ ಹಾಗಿಲ್ಲ. ಬಿಸ್ಫೆನಾಲ್ ಎ ಅಂತ ಮೈಗೆ ಆಗದ ರಾಸಾಯನಿಕ ಒಂದುಂಟು, ಬಿಲ್ಲಿನ ಕಾಗದದಲ್ಲಿ ಅದಕ್ಕೆ ಯುರೋಪಿನವರು 2020ರಲ್ಲೇ ಕಡಿವಾಣ ಹಾಕಿದ್ದಾರೆ" ಅಂದೆ.

ಯುರೋಪಿನವರು ಪಿಗ್ಮಿ ಕಟ್ಟುತ್ತಾರಾ ಅಂತ ಕೇಳಿದರು ಅಮ್ಮ. ಮರುದಿನ ಗೋಡೆಯ ಕ್ಯಾಲೆಂಡರ್ ಇಳಿಸಿಕೊಂಡು ಗೇಟಿಗೆ ಹೋದರು. "ಇದರಲ್ಲಿ ಒಂದು ಸಹಿ ಹಾಕು ಮಗಾ." ಹುಡುಗನ ಹತ್ತಿರ ಪೆನ್ನಿರಲಿಲ್ಲ, ನನ್ನದೇ ಕೊಟ್ಟೆ. ಈಗ ದಿನಾ ಸಹಿ ಆಗುತ್ತದೆ. ಚೀಟಿಯನ್ನೂ ಅಮ್ಮ ಬಿಡುವುದಿಲ್ಲ.