ಸ್ಪಷ್ಟನೆ: ಮಾನಸಿಕ ಚಿಕಿತ್ಸೆ ಪಡೆದರೆ ಉದ್ಯೋಗ ನೋಂದಣಿ ರದ್ದಾಗುವುದಿಲ್ಲ

ಸರ್ಕಾರಿ ಆಸ್ಪತ್ರೆಯಲ್ಲಿ ಮಾನಸಿಕ ಚಿಕಿತ್ಸೆ ಪಡೆದವರ ಪಟ್ಟಿ ಉದ್ಯೋಗ ವಿನಿಮಯ ಕಚೇರಿಗೆ ಹೋಗುತ್ತದೆ, ಅಲ್ಲಿ ಅವರ ಹೆಸರು ತೆಗೆಯುತ್ತಾರೆ ಎಂಬ ಸಂದೇಶ ಯಾದಗಿರಿಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಕಳೆದ ವಾರ ನಾನೂ ಅದನ್ನು ಹಂಚಿಕೊಂಡಿದ್ದೆ. ಅದು ತಪ್ಪು, ಕ್ಷಮೆಯಿರಲಿ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಂ ರೋಗಿಯ ಮಾಹಿತಿಯ ಗೋಪ್ಯತೆಯನ್ನು ಹಕ್ಕಾಗಿಸಿದೆ. ಚಿಕಿತ್ಸೆಯ ವಿವರವನ್ನು ಅವರ ಒಪ್ಪಿಗೆಯಿಲ್ಲದೆ ಉದ್ಯೋಗದಾತರಿಗೆ ಕೊಡುವಂತಿಲ್ಲ. ವಾಸ್ತವದಲ್ಲಿ ಆಸ್ಪತ್ರೆಯ ಕಾಗದ ಕೆಲಸಕ್ಕೆ ಅಡ್ಡಿಯಲ್ಲ, ಎಷ್ಟೋ ಜನರಿಗೆ ಆಸರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮಾನಸಿಕ ಅಸ್ವಸ್ಥತೆಯನ್ನೂ ಅಂಗವೈಕಲ್ಯವೆಂದು ಗುರುತಿಸುತ್ತದೆ. ವೈದ್ಯಕೀಯ ಪ್ರಾಧಿಕಾರವು ಶೇ 40 ಅಥವಾ ಹೆಚ್ಚು ಎಂದು ಪ್ರಮಾಣೀಕರಿಸಿದರೆ, ಸರ್ಕಾರಿ ಹುದ್ದೆಗಳಲ್ಲಿ ಅಂಗವಿಕಲರಿಗಿರುವ ಕನಿಷ್ಠ ಶೇ 4ರ ಮೀಸಲಾತಿಯಲ್ಲಿ ಅವರಿಗೂ ಪಾಲುಂಟು. ಈ ಪ್ರಮಾಣಪತ್ರ ಬೇಕೋ ಬೇಡವೋ ಎಂಬುದು ಅವರದೇ ನಿರ್ಧಾರ.

ನಮ್ಮ ಓಣಿಯ ತಾಯಿಯೊಬ್ಬರು ಈ ಸಂದೇಶ ಓದಿ ಮಗನ ಮಾತ್ರೆಗಳನ್ನು ತೊಗರಿಬೇಳೆ ಡಬ್ಬಿಯೊಳಗೆ ಬಚ್ಚಿಟ್ಟಿದ್ದರು. ಹತ್ತು ದಿನ ಅವನು ಮಾತ್ರೆ ನುಂಗಲಿಲ್ಲ, ರಾತ್ರಿ ನಿದ್ದೆಯೂ ಇಲ್ಲ. ಅದನ್ನು ಕಂಡಾಗಿನಿಂದ ನನ್ನ ಮನಸ್ಸಿಗೆ ಸಮಾಧಾನವಿಲ್ಲ.

ದಯವಿಟ್ಟು ಆ ಸಂದೇಶವನ್ನು ಮುಂದೆ ಕಳುಹಿಸಬೇಡಿ. ಕಳುಹಿಸಿದ್ದರೆ ಅದೇ ಗುಂಪಿಗೆ ಇದನ್ನು ಹಾಕಿ. ವೈದ್ಯರನ್ನು ಕೇಳದೆ ಯಾರೂ ಮಾತ್ರೆ ನಿಲ್ಲಿಸಬೇಡಿ. ಮಾತನಾಡಬೇಕೆನಿಸಿದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು.