ಎರಡು ಆಫರ್ ಬಂದಿದೆ, ಯಾವುದಕ್ಕೆ ಹೋಗಲಿ?

ಫೆಬ್ರವರಿ ಮುಗಿಯುತ್ತಿದ್ದ ಹಾಗೆ ಇನ್‌ಬಾಕ್ಸ್‌ನಲ್ಲಿ ಇದೇ ಪ್ರಶ್ನೆ. "ಅಕ್ಕಾ, ಅಮೆರಿಕದಲ್ಲಿ ಎರಡು ಕಡೆ ಪಿಎಚ್‌ಡಿ ಸೀಟು ಸಿಕ್ಕಿದೆ. ಒಂದಕ್ಕೆ ದೊಡ್ಡ ಹೆಸರು. ಇನ್ನೊಂದು ಕಡೆ ಗೈಡ್ ಇಷ್ಟ ಆದರು. ಏನ್ ಮಾಡ್ಲಿ?" ಒಬ್ಬೊಬ್ಬರಿಗೂ ಬೇರೆ ಬೇರೆ ಟೈಪ್ ಮಾಡಿ ಸಾಕಾಗಿದೆ. ಅದಕ್ಕೇ ಒಟ್ಟಿಗೆ ಇಲ್ಲೇ ಬರೆಯುತ್ತಿದ್ದೇನೆ. ಒಪ್ಪದಿದ್ದರೆ ಜಗಳ ಆಡಿ, ಪರವಾಗಿಲ್ಲ.

ಎಲ್ಲ ಅಂದುಕೊಂಡ ಹಾಗೆ ನಡೆದರೆ ಎರಡೂ ಒಳ್ಳೆಯ ಆಫರ್‌ಗಳೇ. ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ನೀವು ಹೋಲಿಸಬೇಕಾದದ್ದು ಎಲ್ಲ ಕೈಕೊಟ್ಟಾಗ ಏನಾಗುತ್ತದೆ ಅನ್ನುವುದನ್ನು. ಎರಡನೇ ವರ್ಷದಲ್ಲಿ ಗೈಡ್ ಜೊತೆ ಸರಿಹೋಗಲಿಲ್ಲ, ಇಲ್ಲವೇ ವಿಷಯ ಬೇಡ ಅನ್ನಿಸಿತು. ಆಗ ನಿಮಗೆ ಇನ್ನೊಂದು ಬಾಗಿಲು ಎಲ್ಲಿ ತೆರೆದಿರುತ್ತದೋ ಅಲ್ಲಿಗೆ ಹೋಗಿ.

ಸೇರುವ ಮುಂಚೆಯೇ ಅಪಶಕುನ ಯಾಕೆ ಅಂತೀರಾ? ಅಲ್ಲಿ ಪಿಎಚ್‌ಡಿ ಅಂದರೆ ಐದಾರು ವರ್ಷ. ಅಷ್ಟರಲ್ಲಿ ಗೈಡ್ ಬೇರೆ ವಿಶ್ವವಿದ್ಯಾಲಯಕ್ಕೆ ಹೋಗಬಹುದು, ನಿವೃತ್ತಿ ಆಗಬಹುದು. ಹೊಸದಾಗಿ ಸೇರಿದ ಪ್ರೊಫೆಸರ್ ಆದರೆ ಅವರಿಗೆ ಟೆನ್ಯೂರ್, ಅಂದರೆ ಕಾಯಂ ಕೆಲಸ, ಸಿಗದೇ ಹೋಗಬಹುದು. ಅಲ್ಲಿನ ವಿಶ್ವವಿದ್ಯಾಲಯಗಳ ಒಕ್ಕೂಟವಾದ ಕೌನ್ಸಿಲ್ ಆಫ್ ಗ್ರಾಜುಯೇಟ್ ಸ್ಕೂಲ್ಸ್ 2008ರಲ್ಲಿ ಹೊರತಂದ ವರದಿಯ ಪ್ರಕಾರ, ಅವರು ಲೆಕ್ಕ ಇಟ್ಟ ವಿಶ್ವವಿದ್ಯಾಲಯಗಳಲ್ಲಿ ಪಿಎಚ್‌ಡಿಗೆ ಸೇರಿದವರಲ್ಲಿ 10 ವರ್ಷದೊಳಗೆ ಮುಗಿಸಿದವರು ಸುಮಾರು ಶೇ. 57 ಮಾತ್ರ. ಲೆಕ್ಕ ಹಳೆಯದು, ನಿಜ. ಆದರೂ ಉಳಿದವರಲ್ಲಿ ಬಹಳ ಜನ ಮಧ್ಯದಲ್ಲಿ ನಿಂತರಲ್ಲ, ಅವರೆಲ್ಲ ದಡ್ಡರೇನಲ್ಲ.

ಹಾಗಂತ ಹೆಸರಿಗೆ ಬೆಲೆಯೇ ಇಲ್ಲ ಅಂತ ಪುಸಲಾಯಿಸುವುದಿಲ್ಲ. 2022ರಲ್ಲಿ ನೇಚರ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಅಮೆರಿಕದಲ್ಲೇ ಪಿಎಚ್‌ಡಿ ಮಾಡಿ ಅಲ್ಲೇ ಪ್ರೊಫೆಸರ್ ಆದವರಲ್ಲಿ ಶೇ. 80ರಷ್ಟು ಜನ ಬಂದದ್ದು ಶೇ. 20ರಷ್ಟು ವಿಶ್ವವಿದ್ಯಾಲಯಗಳಿಂದ. ಪ್ರೊಫೆಸರ್ ಆಗಲೇಬೇಕು ಅಂತ ಹಟ ಇದ್ದವರು ಇದನ್ನು ತಳ್ಳಿಹಾಕಬೇಡಿ. ಆದರೆ ಆ ಲೆಕ್ಕದಲ್ಲಿ ಇರುವವರೆಲ್ಲ ಮುಗಿಸಿದವರು, ಅಲ್ವಾ? ಇನ್ನು ರ‍್ಯಾಂಕಿಂಗ್ ವಿಷಯ. ಕ್ಯೂಎಸ್ ಪಟ್ಟಿಯಲ್ಲಿ ಶೇ. 45 ಅಂಕ ಬರುವುದು ಪ್ರೊಫೆಸರ್‌ಗಳನ್ನೂ ಕಂಪನಿಗಳನ್ನೂ ಕೇಳಿ ಮಾಡಿದ ಸಮೀಕ್ಷೆಯಿಂದ. ಅದೂ ಇಡೀ ವಿಶ್ವವಿದ್ಯಾಲಯಕ್ಕೆ. ನಿಮ್ಮ ಲ್ಯಾಬಿನಲ್ಲಿ ನಾಲ್ಕೇ ಜನ ಇರುತ್ತಾರೆ, ಅವರ ಬಗ್ಗೆ ಅದಕ್ಕೇನು ಗೊತ್ತು? 40ನೇ ಸ್ಥಾನ, 60ನೇ ಸ್ಥಾನ ಅಂತ ಗುದ್ದಾಡುವುದು ಸುಮ್ನೆ ಟೈಮ್ ವೇಸ್ಟ್.

ಈಗ ಆಫರ್ ಲೆಟರ್ ತೆಗೆಯಿರಿ. ಅಭಿನಂದನೆಯ ಪ್ಯಾರಾ ಬಿಟ್ಟುಬಿಡಿ, ಅದು ಎಲ್ಲರಿಗೂ ಒಂದೇ. ದುಡ್ಡಿನ ಸಾಲಿಗೆ ಬನ್ನಿ. ಒಂದರಲ್ಲಿ "ಓದು ಸರಿಯಾಗಿ ಸಾಗುತ್ತಿದ್ದರೆ ಐದು ವರ್ಷ ಸ್ಟೈಪೆಂಡ್ ಕೊಡುತ್ತೇವೆ" ಅಂತ ಇರುತ್ತದೆ. ಇನ್ನೊಂದರಲ್ಲಿ "ಮೊದಲ ವರ್ಷ ಕೊಡುತ್ತೇವೆ, ಮುಂದಿನದು ಹಣ ಲಭ್ಯವಿದ್ದರೆ" ಅಂತ. ಎರಡನೆಯದರಲ್ಲಿ ಮೊತ್ತ ಜಾಸ್ತಿ ಇದ್ದರೂ ನಾನು ಮೊದಲನೆಯದಕ್ಕೇ ಕೈ ಎತ್ತುತ್ತೇನೆ. ಮಾತು ಕೊಟ್ಟವರು ಯಾರು ಅನ್ನುವುದೂ ಮುಖ್ಯ. ಡಿಪಾರ್ಟ್‌ಮೆಂಟ್ ಕೊಟ್ಟ ಮಾತಾದರೆ ಗೈಡ್ ಬದಲಾಯಿಸಿದರೂ ಸಂಬಳ ನಿಲ್ಲುವುದಿಲ್ಲ. ದುಡ್ಡೆಲ್ಲ ಒಬ್ಬ ಗೈಡ್‌ನ ಪ್ರಾಜೆಕ್ಟಿನಿಂದಲೇ ಬರುವುದಾದರೆ, ಅವರ ಜೊತೆ ಮನಸ್ತಾಪ ಆದ ದಿನ ಸ್ಟೈಪೆಂಡಿಗೂ ಕುತ್ತು. ಸ್ಟೈಪೆಂಡ್ 9 ತಿಂಗಳಿಗೋ 12 ತಿಂಗಳಿಗೋ ನೋಡಿ. 9 ಅಂತಿದ್ದರೆ ಬೇಸಿಗೆಯಲ್ಲಿ ಹೊಟ್ಟೆಪಾಡು ಹೇಗೆ ಅಂತ ಕೇಳಿ. ಟ್ಯೂಷನ್ (ಬೋಧನಾ ಶುಲ್ಕ) ಮಾಫಿ ಅಂದ ಮಾತ್ರಕ್ಕೆ ಎಲ್ಲ ಫೀಸೂ ಮಾಫಿ ಅಂತಲ್ಲ. ಹೆಲ್ತ್ ಇನ್ಶೂರೆನ್ಸ್ ಯಾರು ಕಟ್ಟುತ್ತಾರೆ, ಅದನ್ನೂ ಕೇಳಿ.

ಗೈಡ್ ಹತ್ತಿರ ಎಷ್ಟು ವರ್ಷಕ್ಕೆ ದುಡ್ಡಿದೆ ಅನ್ನುವುದು ಗುಟ್ಟೇನಲ್ಲ. ಇದು ಬಹಳ ಜನಕ್ಕೆ ಗೊತ್ತಿಲ್ಲ. ವೈದ್ಯಕೀಯ ಸಂಶೋಧನೆಗೆ ಹಣ ಕೊಡುವ ಅಮೆರಿಕ ಸರ್ಕಾರದ ಸಂಸ್ಥೆ ಎನ್‌ಐಎಚ್‌ನವರ ರಿಪೋರ್ಟರ್ ಅನ್ನುವ ಜಾಲತಾಣ ಇದೆ, ಬೇರೆ ವಿಜ್ಞಾನಗಳಿಗೆ ಹಣ ಕೊಡುವ ಎನ್‌ಎಸ್‌ಎಫ್‌ಗೂ ಅನುದಾನ ಹುಡುಕುವ ಪುಟ ಇದೆ. ಪ್ರೊಫೆಸರ್ ಹೆಸರು ಹಾಕಿದರೆ ಯಾವ ಪ್ರಾಜೆಕ್ಟ್, ಎಷ್ಟು ಮೊತ್ತ, ಯಾವಾಗ ಮುಗಿಯುತ್ತದೆ ಎಲ್ಲ ಬರುತ್ತದೆ. ಎನ್‌ಐಎಚ್ ಒಂದೊಂದು ಸಂಶೋಧನಾ ಪ್ರಾಜೆಕ್ಟಿಗೆ ಕೊಡುವ ಆರ್‌01 ಅನ್ನುವ ಅನುದಾನ ಒಮ್ಮೆಗೆ ಹೆಚ್ಚೆಂದರೆ 5 ವರ್ಷ. ನೀವು ಸೇರುವಾಗಲೇ ಅದರಲ್ಲಿ ನಾಲ್ಕು ವರ್ಷ ಕಳೆದಿದ್ದರೆ "ಮುಂದೇನು ಸರ್?" ಅಂತ ಕೇಳಲು ಸಂಕೋಚ ಬೇಡ. ಒಳ್ಳೆಯ ಗೈಡ್ ಅದಕ್ಕೆ ನೇರವಾಗಿ ಉತ್ತರ ಕೊಡುತ್ತಾರೆ. ಸಿಡುಕಿದರೆ, ಅದೂ ಉತ್ತರವೇ. 2025ರ ಮಾರ್ಚ್‌ನಲ್ಲಿ ಸಂಶೋಧನೆಗೆ ಬರುವ ಸರ್ಕಾರಿ ಹಣದ ಗೊಂದಲದಿಂದಾಗಿ ಯುಮಾಸ್ ಚಾನ್ ವೈದ್ಯಕೀಯ ವಿದ್ಯಾಲಯ ಕೊಟ್ಟ ಆಫರ್‌ಗಳನ್ನೇ ವಾಪಸ್ ತೆಗೆದುಕೊಂಡಿತು. ಅಂಥ ಕಾಲ ಇದು. ಕೇಳಿದರೆ ತಪ್ಪಾಗಿ ತಿಳಿದುಕೊಳ್ಳುತ್ತಾರೇನೋ ಅನ್ನುವ ಮುಜುಗರ ಬಿಡಿ.

ಎಲ್ಲಕ್ಕಿಂತ ಉಪಯೋಗಕ್ಕೆ ಬರುವುದು ಅಲ್ಲಿ ಈಗ ಓದುತ್ತಿರುವವರ ಜೊತೆಗಿನ ಮಾತು. ಗುಂಪಿನಲ್ಲಿ ಕೇಳಬೇಡಿ, ಗೈಡ್ ಎದುರಿಗಂತೂ ಬೇಡವೇ ಬೇಡ. ಒಬ್ಬರನ್ನೇ ವಿಡಿಯೋ ಕಾಲ್‌ನಲ್ಲಿ ಹಿಡಿಯಿರಿ. "ಗೈಡ್ ಹೇಗೆ?" ಅಂತ ಕೇಳಿದರೆ "ತುಂಬಾ ಒಳ್ಳೆಯವರು" ಅಂತಲೇ ಬರುತ್ತದೆ. ಹಾಗಲ್ಲ. "ನೀವು ಬರೆದು ಕೊಟ್ಟ ಡ್ರಾಫ್ಟ್ ಓದಿ ವಾಪಸ್ ಕೊಡೋಕೆ ಎಷ್ಟು ದಿನ ತಗೋತಾರೆ?" ಅಂತ ಕೇಳಿ. ಸರಿಯಾಗಿ ನಡೆಯುವ ಲ್ಯಾಬಿನವರು ಥಟ್ಟನೆ ಹೇಳುತ್ತಾರೆ: ಒಂದು ವಾರ, ಕಾನ್ಫರೆನ್ಸ್ ಇದ್ದರೆ ಎರಡು. ಸರಿ ಇಲ್ಲದ ಕಡೆಯವರು ಮೊದಲು ನಗುತ್ತಾರೆ. ಆಮೇಲೆ "ಅವರು ತುಂಬಾ ಬ್ಯುಸಿ, ಆದ್ರೆ ನಾವೇ ಕಲೀತೀವಿ" ಅನ್ನುತ್ತಾರೆ. ಮುಂದಿನ ಪ್ರಶ್ನೆ, "ಈ ಲ್ಯಾಬಿನಿಂದ ಮಧ್ಯದಲ್ಲಿ ಬಿಟ್ಟು ಹೋದವರು ಯಾರಾದ್ರೂ ಇದ್ದಾರಾ, ಈಗ ಏನ್ ಮಾಡ್ತಿದ್ದಾರೆ?" ಗೈಡ್ ಬದಲಾಯಿಸಿ ಅಲ್ಲೇ ಪಕ್ಕದ ಲ್ಯಾಬಿನಲ್ಲಿ ಡಿಗ್ರಿ ಮುಗಿಸಿದವರು ಒಬ್ಬರಾದರೂ ಸಿಕ್ಕಿದರೆ ಆ ಡಿಪಾರ್ಟ್‌ಮೆಂಟಿಗೆ ನನ್ನ ಅರ್ಧ ಓಟು ಅಲ್ಲೇ ಬಿತ್ತು. ಮಾಸ್ಟರ್ಸ್ ತಗೊಂಡು ಹೊರಗೆ ಬರಲು ಅವಕಾಶ ಇದೆಯಾ ಅಂತಲೂ ವಿಚಾರಿಸಿ.

ಇದೇ ಕಾರಣಕ್ಕೆ ರೊಟೇಷನ್ ಇರುವ ಪ್ರೋಗ್ರಾಂ ಕಂಡರೆ ನನಗೆ ಒಲವು ಜಾಸ್ತಿ. ಜೀವವಿಜ್ಞಾನದಲ್ಲಿ ಇದು ಮಾಮೂಲು. ಮೊದಲ ವರ್ಷ ಎರಡು ಮೂರು ಲ್ಯಾಬಿನಲ್ಲಿ ಕೆಲಸ ಮಾಡಿ ನೋಡಿ ಆಮೇಲೆ ಗೈಡ್ ಆರಿಸಿಕೊಳ್ಳುತ್ತೀರಿ. ಬೇರೆ ಕಡೆ ನೇರ ಒಬ್ಬರ ಕೈಕೆಳಗೆ ಸೇರಿಸುತ್ತಾರೆ. ಅಂಥ ಆಫರ್ ಆದರೆ ನಿಮಗೆ ಇಷ್ಟವಾಗುವ ಕೆಲಸ ಮಾಡುವ ಇನ್ನೂ ಇಬ್ಬರು ಪ್ರೊಫೆಸರ್‌ಗಳು ಅಲ್ಲೇ ಇದ್ದಾರಾ ಅಂತ ನೋಡಿ. ಒಬ್ಬರನ್ನೇ ನಂಬಿ ಖಂಡ ದಾಟುವುದು ಬೇಡ.

ಗಡುವಿನ ಬಗ್ಗೆ ಒಂದು ಮಾತು. "ಈ ವಾರದೊಳಗೆ ಹೇಳಿ" ಅಂತ ಒತ್ತಡ ಹಾಕಿದರೆ ಗಾಬರಿ ಬೀಳಬೇಡಿ. ಏಪ್ರಿಲ್ 15ರ ಒಪ್ಪಂದ ಅಂತ ಇದೆ. ಅದಕ್ಕೆ ಸಹಿ ಹಾಕಿದ ವಿಶ್ವವಿದ್ಯಾಲಯಗಳು ಸ್ಟೈಪೆಂಡ್ ಇರುವ ಆಫರ್‌ಗೆ ಆ ದಿನಕ್ಕಿಂತ ಮುಂಚೆ ನೀವು ಉತ್ತರ ಕೊಡಲೇಬೇಕು ಅನ್ನುವ ಹಾಗಿಲ್ಲ. ಸಹಿ ಹಾಕಿದವರ ಪಟ್ಟಿ ಮೇಲೆ ಹೇಳಿದ ಕೌನ್ಸಿಲ್ ಆಫ್ ಗ್ರಾಜುಯೇಟ್ ಸ್ಕೂಲ್ಸ್‌ನ ಜಾಲತಾಣದಲ್ಲೇ ಇದೆ.

ಆದರೆ ಬೇಡ ಅಂತ ತೀರ್ಮಾನವಾದ ಆಫರ್‌ಗಳನ್ನು ಏಪ್ರಿಲ್ 14ರವರೆಗೆ ಹಿಡಿದುಕೊಂಡು ಕೂರಬೇಡಿ. ನಾಲ್ಕು ಆಫರ್ ಇಟ್ಟುಕೊಂಡು ಸ್ಕ್ರೀನ್‌ಶಾಟ್ ಹಾಕುವವರನ್ನು ಕಂಡರೆ ನನಗೆ ರೇಗುತ್ತದೆ. ವೇಟಿಂಗ್ ಲಿಸ್ಟ್‌ನಲ್ಲಿ ಇರುವವರಿಗೆ ಆ ಸೀಟು ಸಿಕ್ಕಿದರೆ ಅವರಿಗೂ ಯೋಚಿಸಲು ಟೈಮ್ ಬೇಕು, ಆಮೇಲೆ ವೀಸಾಕ್ಕೂ ಓಡಾಡಬೇಕು. ಎರಡು ಸಾಲಿನ ಮೇಲ್ ಸಾಕು. ಥ್ಯಾಂಕ್ಸ್ ಹೇಳಿ, ಬೇರೆ ಕಡೆ ಸೇರುತ್ತಿದ್ದೇನೆ ಅಂತ ತಿಳಿಸಿ. ಕಾರಣ ಬರೆಯುವ ಅಗತ್ಯ ಇಲ್ಲ. ಅಲ್ಲಿ ನಿಮಗೋಸ್ಕರ ಟೈಮ್ ಕೊಟ್ಟು ಮಾತಾಡಿದ ಪ್ರೊಫೆಸರ್ ಇದ್ದರೆ ಅವರಿಗೆ ಬೇರೆಯಾಗಿಯೇ ಬರೆಯಿರಿ, ಮುಂದೆ ಯಾವುದಾದರೂ ಕಾನ್ಫರೆನ್ಸಿನಲ್ಲಿ ಸಿಕ್ಕೇ ಸಿಗುತ್ತಾರೆ.